ವಾಹನ ತೊಳೆಯುವ ಕೇಂದ್ರಗಳಲ್ಲಿ ದೂರವೀಕ್ಷಣಾ ಕಣ್ಗಾವಲು ಕ್ಯಾಮೆರಾಗಳು

ವಾಹನ ತೊಳೆಯುವ ಕೇಂದ್ರಗಳಲ್ಲಿ ದೂರವೀಕ್ಷಣಾ ಕಣ್ಗಾವಲು ಕ್ಯಾಮೆರಾಗಳು ಎಂದರೆ, ಕಾರು, ದ್ವಿಚಕ್ರ ಮೊದಲಾದ ವಾಹನಗಳನ್ನು ತೊಳೆದು ಶುಚಿಗೊಳಿಸುವ ಉದ್ದಿಮೆಗಳಲ್ಲಿ ಅಳವಡಿಸಲಾಗುವ, ಅಂತರಜಾಲದ ಮೂಲಕ ಬೇರೊಂದು ಸ್ಥಳದಿಂದ ಮೊಬೈಲ್ ಫೋನಿನಲ್ಲಾಗಲಿ ಗಣಕಯಂತ್ರದಲ್ಲಾಗಲಿ ವೀಕ್ಷಿಸಬಹುದಾದ ಕ್ಯಾಮೆರಾ ವ್ಯವಸ್ಥೆ. ಕರ್ನಾಟಕದಲ್ಲಿ ಇಂತಹ ಕೇಂದ್ರಗಳನ್ನು ಜನರು ‘ವಾಟರ್ ಸರ್ವಿಸ್’ ಅಥವಾ ‘ವಾಟರ್ ವಾಶ್’ ಎಂದು ಕರೆಯುತ್ತಾರೆ. ಅಂಗಡಿ, ಬ್ಯಾಂಕು, ವಸತಿ ಸಮುಚ್ಚಯಗಳಲ್ಲಿ ಬಳಸುವ ಕ್ಯಾಮೆರಾಗಳೇ ಇಲ್ಲಿಯೂ ಬಳಕೆಯಾಗುತ್ತವೆಯಾದರೂ, ಒತ್ತಡದ ನೀರು, ಸಾಬೂನಿನ ನೊರೆ, ಮಂಜಿನಂತಹ ತುಂತುರು ಹಾಗೂ ಒದ್ದೆ ಮೇಲ್ಮೈಗಳಿಂದ ಚಿಮ್ಮುವ ಬೆಳಕು ಇವುಗಳಿಂದಾಗಿ ಆಯ್ಕೆಯ ಮಾನದಂಡಗಳು ಬೇರೆಯಾಗುತ್ತವೆ.

ಹಿನ್ನೆಲೆ

ಮುಚ್ಚಿದ ಮಂಡಲದ ದೂರದರ್ಶನ ವ್ಯವಸ್ಥೆಯನ್ನು 1942ರಲ್ಲಿ ಜರ್ಮನಿಯ ಪೀನೆಮುಂಡೆಯಲ್ಲಿ ವಿ-2 ಕ್ಷಿಪಣಿಗಳ ಉಡಾವಣೆಯನ್ನು ಸುರಕ್ಷಿತ ದೂರದಿಂದ ನೋಡಲು ಬಳಸಲಾಯಿತು. ಇದನ್ನು ರೂಪಿಸಿದವರು ಎಂಜಿನಿಯರ್ ವಾಲ್ಟರ್ ಬ್ರೂಖ್. ಅಂತರಜಾಲದ ಮೂಲಕ ವೀಕ್ಷಣೆಯ ಆರಂಭ ಇದಕ್ಕಿಂತ ಸೌಮ್ಯವಾದುದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದಲ್ಲಿ ಕಾಫಿ ಪಾತ್ರೆ ತುಂಬಿದೆಯೋ ಬರಿದಾಗಿದೆಯೋ ಎಂದು ಕುಳಿತಲ್ಲಿಂದಲೇ ತಿಳಿಯಲು 1991ರಲ್ಲಿ ಕ್ಯಾಮೆರಾವೊಂದನ್ನು ಇಡಲಾಯಿತು. 1993ರಲ್ಲಿ ಅದು ವಿಶ್ವವ್ಯಾಪಿ ಜಾಲಕ್ಕೆ ಸೇರಿತು. ಸ್ವೀಡನ್ನಿನ ಆಕ್ಸಿಸ್ ಕಮ್ಯುನಿಕೇಷನ್ಸ್ ಸಂಸ್ಥೆಯು 1996ರಲ್ಲಿ ನೇರವಾಗಿ ಜಾಲಕ್ಕೆ ಜೋಡಿಸಬಹುದಾದ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. 2008ರಲ್ಲಿ ಆಕ್ಸಿಸ್, ಬಾಷ್ ಮತ್ತು ಸೋನಿ ಸಂಸ್ಥೆಗಳು ಸೇರಿ ಆನ್ವಿಫ್ ಎಂಬ ಸಾಮಾನ್ಯ ಮಾನಕ ವೇದಿಕೆಯನ್ನು ಸ್ಥಾಪಿಸಿದವು. ಒಂದು ಕಂಪನಿಯ ಕ್ಯಾಮೆರಾ ಮತ್ತೊಂದು ಕಂಪನಿಯ ಮುದ್ರಣ ಪೆಟ್ಟಿಗೆಯೊಡನೆ ಕೆಲಸ ಮಾಡಬೇಕಾದರೆ ಎರಡೂ ಈ ಮಾನಕಕ್ಕೆ ಹೊಂದಿಕೊಂಡಿರುವುದು ಅನುಕೂಲ.

ಅಗತ್ಯ

ವಾಹನ ತೊಳೆಯುವ ಕೇಂದ್ರದಲ್ಲಿ ಕಳ್ಳತನಕ್ಕಿಂತಲೂ ಹೆಚ್ಚಾಗಿ ಎದುರಾಗುವ ತೊಡಕು ಗೀರಿನ ತಕರಾರು. ಕಾರನ್ನು ಮರಳಿ ಪಡೆಯುವಾಗ ಬಾಗಿಲಿನ ಮೇಲೆ ಗೀರನ್ನೋ ಬಂಪರಿನಲ್ಲಿ ತಗ್ಗನ್ನೋ ಕಂಡ ಗ್ರಾಹಕನು ಅದು ಇಲ್ಲಿಯೇ ಆಯಿತೆನ್ನುತ್ತಾನೆ. ಮಾಲೀಕನು ಅದು ಮೊದಲೇ ಇತ್ತೆನ್ನುತ್ತಾನೆ. ಧೂಳು ಕವಿದ ವಾಹನದಲ್ಲಿ ಹಳೆಯ ಗೀರುಗಳು ಕಾಣದೆ, ತೊಳೆದ ಮೇಲಷ್ಟೇ ಎದ್ದು ತೋರುವುದರಿಂದ ಇಬ್ಬರೂ ತಮ್ಮ ಮಟ್ಟಿಗೆ ಪ್ರಾಮಾಣಿಕರಾಗಿಯೇ ಇರಬಹುದು. ಇಬ್ಬರ ನಡುವೆ ಸಿಕ್ಕಿಬೀಳುವವನು ತೊಳೆದ ಕೆಲಸಗಾರ. ದುರಸ್ತಿಯ ಹಣವನ್ನು ಅವನ ಕೂಲಿಯಲ್ಲಿ ಮುರಿದುಕೊಳ್ಳುವ ರೂಢಿ ಹಲವೆಡೆ ಇದೆ. ಆದರೆ 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ ನಂತರದ 2019ರ ವೇತನ ಸಂಹಿತೆಯಲ್ಲಿಯೂ, ನಷ್ಟವು ನೌಕರನ ಅಲಕ್ಷ್ಯದಿಂದಲೇ ಆದದ್ದಾಗಿರಬೇಕು ಮತ್ತು ಕಡಿತಕ್ಕೆ ಮೊದಲು ಅವನ ಸಮಜಾಯಿಷಿಗೆ ಅವಕಾಶ ಕೊಡಬೇಕು ಎಂಬ ನಿಯಮವಿದೆ. ಸರಿಯಾಗಿ ಇರಿಸಿದ ಕ್ಯಾಮೆರಾವು ಮಾಲೀಕನಿಗೆ ಎಷ್ಟು ಆಧಾರವೋ ಕೆಲಸಗಾರನಿಗೂ ಅಷ್ಟೇ ಆಧಾರ.

ಬೀಗದ ಕೈಯನ್ನು ಒಪ್ಪಿಸಿ ಹೋದ ವಾಹನವು ಕಾನೂನಿನ ದೃಷ್ಟಿಯಲ್ಲಿ ಒಪ್ಪಿಸಿದ ಸ್ವತ್ತು. 1872ರ ಭಾರತೀಯ ಕರಾರು ಕಾಯ್ದೆಯ 151ನೆಯ ಕಲಮಿನ ಪ್ರಕಾರ, ಅದನ್ನು ವಹಿಸಿಕೊಂಡವನು ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯೊಬ್ಬ ತನ್ನ ಸ್ವತ್ತಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ವಹಿಸಬೇಕು. ಹೋಟೆಲಿನ ಸಿಬ್ಬಂದಿಗೆ ಒಪ್ಪಿಸಿದ್ದ ಕಾರು ಕಳವಾದ ಪ್ರಕರಣವೊಂದರಲ್ಲಿ (ತಾಜ್ ಮಹಲ್ ಹೋಟೆಲ್ ವಿರುದ್ಧ ಯುನೈಟೆಡ್ ಇಂಡಿಯಾ ವಿಮಾ ಕಂಪನಿ, 2019) ‘ಮಾಲೀಕರ ಹೊಣೆ’ ಎಂದು ಚೀಟಿಯಲ್ಲಿ ಮುದ್ರಿಸಿದ ಮಾತ್ರಕ್ಕೆ ಅಲಕ್ಷ್ಯದ ಹೊಣೆ ತಪ್ಪುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಗೋಡೆಯ ಮೇಲೆ ಬರೆಸಿದ ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಫಲಕವನ್ನೇ ನಂಬಿ ಕೂರುವವರು ಇದನ್ನು ಗಮನಿಸಬೇಕು.

ಮಾಲೀಕನು ಊರಿನಲ್ಲಿಲ್ಲದಾಗ ತೊಳೆದ ವಾಹನಗಳ ಸಂಖ್ಯೆಯನ್ನು ರಸೀದಿಗಳೊಡನೆ ತಾಳೆ ನೋಡುವುದು, ನೀರಿನ ತೊಟ್ಟಿ ಉಕ್ಕುತ್ತಿದೆಯೇ ಎಂದು ನೋಡುವುದು ದೂರವೀಕ್ಷಣೆಯ ಇತರ ಉಪಯೋಗಗಳು.

ನೀರಿನಿಂದ ರಕ್ಷಣೆ

ಆಯ್ಕೆಯಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ವಿಷಯದಲ್ಲಿ. ಕ್ಯಾಮೆರಾದ ಪೆಟ್ಟಿಗೆಯ ಮೇಲೆ ‘ಐಪಿ’ ಅಕ್ಷರಗಳೊಡನೆ ಎರಡು ಅಂಕಿಗಳಿರುತ್ತವೆ. ಇವು ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕದ ಸಂಕೇತಗಳು. ಮೊದಲ ಅಂಕಿ ಧೂಳಿನಂತಹ ಘನ ಕಣಗಳಿಂದ, ಎರಡನೆಯದು ನೀರಿನಿಂದ ಇರುವ ರಕ್ಷಣೆಯನ್ನು ಸೂಚಿಸುತ್ತದೆ. ಐಪಿ 66ರ ಪರೀಕ್ಷೆಯಲ್ಲಿ 12.5 ಮಿಲಿಮೀಟರ್ ಬಾಯಿಯ ಕೊಳವೆಯಿಂದ ನಿಮಿಷಕ್ಕೆ 100 ಲೀಟರ್ ನೀರನ್ನು ಸುಮಾರು ಮೂರು ಮೀಟರ್ ದೂರದಿಂದ ಹಾಯಿಸುತ್ತಾರೆ. ಐಪಿ 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಹಾನಿಯಾಗದು ಎಂದರ್ಥ. ಅಂಕಿ ದೊಡ್ಡದಾದ್ದರಿಂದ 67 ಎಂಬುದು 66ನ್ನು ಒಳಗೊಂಡಿದೆಯೆಂದು ಭಾವಿಸುವುದು ತಪ್ಪು. ಮುಳುಗುವ ಪರೀಕ್ಷೆಯೂ ನೀರಿನ ಧಾರೆಯ ಪರೀಕ್ಷೆಯೂ ಬೇರೆ ಬೇರೆ. ಎರಡರಲ್ಲಿಯೂ ತೇರ್ಗಡೆಯಾದ ಉಪಕರಣದ ಮೇಲೆ ಎರಡೂ ಸಂಕೇತಗಳಿರುತ್ತವೆ.

ಐಪಿ 66ರ ಪರೀಕ್ಷೆಯಲ್ಲಿ ನೀರು ಹೇರಳವಾಗಿದ್ದರೂ ಒತ್ತಡ ಸುಮಾರು 1 ಬಾರ್ ಮಾತ್ರ. ತೊಳೆಯುವ ಪಂಪಿನ ಒತ್ತಡವಾದರೋ ಸಾಮಾನ್ಯವಾಗಿ 100 ಬಾರ್ ಆಸುಪಾಸಿನಲ್ಲಿರುತ್ತದೆ. ಕೆಲಸಗಾರನ ಗನ್ನಿನ ಧಾರೆ ಹತ್ತಿರದಿಂದ ನೇರವಾಗಿ ತಾಗಬಹುದಾದ ಜಾಗಕ್ಕೆ ಐಪಿ 69ಕೆ ದರ್ಜೆಯದೇ ಬೇಕು. ಇದರ ಪರೀಕ್ಷೆಯಲ್ಲಿ 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ 10–15 ಸೆಂಟಿಮೀಟರ್ ದೂರದಿಂದ ಹಾಯಿಸಲಾಗುತ್ತದೆ. ಆದರೆ ಇಂತಹ ಕ್ಯಾಮೆರಾಗಳು ದುಬಾರಿ. ಸಾಧಾರಣ ಕೇಂದ್ರವೊಂದಕ್ಕೆ ಐಪಿ 66 ದರ್ಜೆಯ ಕ್ಯಾಮೆರಾವನ್ನು ಧಾರೆ ತಲುಪದ ಎತ್ತರದಲ್ಲಿ, ತೊಳೆಯುವ ಅಂಕಣದ ಹೊರಗಿನ ಕಂಬದಿಂದ ಒಳಮುಖವಾಗಿ ಇಡುವುದು ಹೆಚ್ಚು ಮಿತವ್ಯಯದ ಮಾರ್ಗ.

ಕ್ಯಾಮೆರಾದ ಒಡಲಿಗಿಂತ ಮೊದಲು ಕೆಡುವುದು ತಂತಿಯ ಜೋಡಣೆ. ಜಾಲದ ತಂತಿಯು ಕ್ಯಾಮೆರಾದ ಬಾಲಕ್ಕೆ ಸೇರುವ ಸ್ಥಳವನ್ನು ಬಯಲಿನಲ್ಲಿ ಟೇಪು ಸುತ್ತಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಒಳಗಿನ ಲೋಹದ ಮೊನೆಗಳು ಹಸಿರುಗಟ್ಟುತ್ತವೆ. ಇದನ್ನು ರಬ್ಬರ್ ಅಂಚುಳ್ಳ ಮುಚ್ಚಿದ ಡಬ್ಬಿಯೊಳಗೆ ಇರಿಸಬೇಕು. ತಂತಿಯು ಡಬ್ಬಿಯನ್ನು ಕೆಳಗಿನಿಂದ ಪ್ರವೇಶಿಸುವಂತೆ ಒಂದು ಬಾಗು ಕೊಟ್ಟರೆ ಅದರ ಗುಂಟ ಹರಿದು ಬಂದ ನೀರು ಬಾಗಿನ ತಳದಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ಹಲವು ಜಿಲ್ಲೆಗಳ ಕೊಳವೆಬಾವಿಯ ನೀರು ಗಡಸಾದುದರಿಂದ ಹನಿಗಳು ಒಣಗಿದ ಮೇಲೆ ಗಾಜಿನ ಮೇಲೆ ಬಿಳಿಯ ಕಲೆ ನಿಲ್ಲುತ್ತದೆ. ಬುರುಡೆಯಾಕಾರದ ಡೋಮ್ ಕ್ಯಾಮೆರಾಗಳಲ್ಲಿ ಈ ತೊಂದರೆ ಹೆಚ್ಚು. ಮುಂದೆ ಚಾಚಿದ ಸೂರುಳ್ಳ ಬುಲೆಟ್ ಮಾದರಿಯವು ವಾಸಿ.

ಸ್ಪಷ್ಟತೆ ಮತ್ತು ಮಸೂರ

ಮೆಗಾಪಿಕ್ಸೆಲ್ ಸಂಖ್ಯೆಯೊಂದನ್ನೇ ನೋಡಿ ಕೊಳ್ಳುವುದು ಸರಿಯಲ್ಲ. ಒಂದು ಮೀಟರ್ ಅಗಲದ ದೃಶ್ಯಕ್ಕೆ ಎಷ್ಟು ಪಿಕ್ಸೆಲ್‌ಗಳು ದೊರೆಯುತ್ತವೆ ಎಂಬುದು ಮುಖ್ಯ. ಐಇಸಿ 62676-4 ಮಾನಕದ 2014ರ ಆವೃತ್ತಿಯ ಪ್ರಕಾರ, ಯಾರೋ ಇದ್ದಾರೆಂದು ಅರಿಯಲು ಮೀಟರಿಗೆ 25, ಪರಿಚಿತನೆಂದು ಗುರುತಿಸಲು 125, ಅಪರಿಚಿತನ ಗುರುತನ್ನು ನಿಶ್ಚಯಿಸಲು 250 ಪಿಕ್ಸೆಲ್‌ಗಳು ಬೇಕು. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಇದನ್ನು 250ರಿಂದ ಭಾಗಿಸಿದರೆ ಸುಮಾರು 7.7 ಮೀಟರ್ ಬರುತ್ತದೆ. ಅಂದರೆ ದೃಶ್ಯದ ಅಗಲ ಇದಕ್ಕಿಂತ ಹೆಚ್ಚಾದರೆ ಮುಖದ ಗುರುತು ನಿಶ್ಚಯವಾಗುವುದಿಲ್ಲ. ಅಷ್ಟೇ ಅಗಲದಲ್ಲಿ 500 ಮಿಲಿಮೀಟರ್ ಉದ್ದದ ಕಾರಿನ ನೋಂದಣಿ ಫಲಕಕ್ಕೆ 125 ಪಿಕ್ಸೆಲ್‌ಗಳು ದೊರೆಯುತ್ತವೆ. ಗೀರಿನ ಮಾತು ಬೇರೆ. ಕೂದಲೆಳೆಯ ಗೀರು 250 ಪಿಕ್ಸೆಲ್‌ಗಳಲ್ಲಿಯೂ ಕಾಣದು. ಮೀಟರಿಗೆ 250 ಎಂದರೆ ಒಂದು ಪಿಕ್ಸೆಲ್ಲಿಗೆ 4 ಮಿಲಿಮೀಟರ್. ಆದ್ದರಿಂದ ಕ್ಯಾಮೆರಾದ ಜೊತೆಗೆ, ವಾಹನವನ್ನು ಒಳಗೆ ತೆಗೆದುಕೊಳ್ಳುವಾಗಲೇ ಗ್ರಾಹಕನ ಎದುರಿನಲ್ಲಿ ನಾಲ್ಕೂ ಬದಿಗಳನ್ನು ಫೋನಿನಲ್ಲಿ ಹತ್ತಿರದಿಂದ ಚಿತ್ರಿಸಿಟ್ಟುಕೊಳ್ಳುವ ಪದ್ಧತಿ ಇರಬೇಕಾಗುತ್ತದೆ. ಮಾರಾಟಗಾರರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಸಾಮಾನ್ಯ ಗಾತ್ರದ ಸಂವೇದಕದೊಡನೆ 2.8 ಮಿಲಿಮೀಟರ್ ಮಸೂರವು 100 ಡಿಗ್ರಿಗೂ ಮಿಕ್ಕಿದ ನೋಟವನ್ನು ಕೊಡುತ್ತದೆ. ಇಡೀ ಅಂಗಳಕ್ಕೆ ಇದು ಸಾಕು. ಪ್ರವೇಶದ್ವಾರಕ್ಕೆ 6 ಮಿಲಿಮೀಟರಿನದು ಅಥವಾ ಹೊಂದಿಸಬಹುದಾದ ಮಸೂರ ಸೂಕ್ತ. ಶೀಟಿನ ಛಾವಣಿಯ ಕತ್ತಲಿನೊಳಗಿಂದ ಬಿಸಿಲಿನ ರಸ್ತೆಯತ್ತ ನೋಡುವ ಕ್ಯಾಮೆರಾದಲ್ಲಿ ವಾಹನವು ಕಪ್ಪು ನೆರಳಾಗಿ ಮಾತ್ರ ಮೂಡುವುದರಿಂದ, ಬೆಳಕು ಕತ್ತಲೆಗಳ ಅಂತರವನ್ನು ಸರಿದೂಗಿಸುವ ಡಬ್ಲ್ಯುಡಿಆರ್ ಸೌಲಭ್ಯ ಇರಬೇಕು. ರಾತ್ರಿಯ ಅವಕೆಂಪು ದೀಪಗಳು ತುಂತುರಿನ ಮೇಲೆ ಬಿದ್ದು ಮರಳಿ ಮಸೂರವನ್ನೇ ತುಂಬಿಬಿಡುತ್ತವೆ. ಅಲ್ಲಿ ಕ್ಯಾಮೆರಾದ ದೀಪವನ್ನು ಆರಿಸಿ, ಪಕ್ಕಕ್ಕೆ ಬೇರೆ ದೀಪವನ್ನು ಹಾಕುವುದು ಒಳ್ಳೆಯದು.

ಸಂಗ್ರಹ ಮತ್ತು ವಿದ್ಯುತ್

ಎಚ್.265 ಸಂಕೋಚನದಲ್ಲಿ ಒಂದು ಕ್ಯಾಮೆರಾವು ಸೆಕೆಂಡಿಗೆ 2 ಮೆಗಾಬಿಟ್ ಬಳಸುವುದೆಂದು ಇಟ್ಟುಕೊಂಡರೆ ದಿನಕ್ಕೆ 21.6 ಗಿಗಾಬೈಟ್ ಬೇಕು. ನಾಲ್ಕು ಕ್ಯಾಮೆರಾಗಳಿಗೆ ಇದು 86.4 ಗಿಗಾಬೈಟ್. ಹೀಗಾಗಿ 2 ಟೆರಾಬೈಟ್ ತಟ್ಟೆಯು ಸುಮಾರು 23 ದಿನಗಳಿಗೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ. ಮೂವತ್ತು ದಿನಗಳ ದೃಶ್ಯ ಉಳಿಯಬೇಕಾದರೆ 4 ಟೆರಾಬೈಟ್ ತಟ್ಟೆಯನ್ನು ಕೊಳ್ಳುವುದು ಕ್ಷೇಮ. ಸಾರ್ವಜನಿಕರು ಹೆಚ್ಚಾಗಿ ಸೇರುವ ಸಂಸ್ಥೆಗಳಿಗೆ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಅಧಿನಿಯಮ, 2017 ಸಹ ಮೂವತ್ತು ದಿನಗಳ ಅವಧಿಯನ್ನೇ ಹೇಳುತ್ತದೆ.

ಜಾಲದ ತಂತಿಯಲ್ಲಿಯೇ ವಿದ್ಯುತ್ತನ್ನೂ ಕಳುಹಿಸುವ ಪಿಒಇ ವಿಧಾನದಲ್ಲಿ ನೀರಿರುವ ಜಾಗಕ್ಕೆ 230 ವೋಲ್ಟಿನ ತಂತಿಯನ್ನು ಎಳೆಯಬೇಕಾಗುವುದಿಲ್ಲ. ಕೆಲಸಗಾರರ ಪ್ರಾಣದ ದೃಷ್ಟಿಯಿಂದ ಇದು ಚಿಕ್ಕ ಲಾಭವಲ್ಲ. ತಂತಿಯ ಉದ್ದ 100 ಮೀಟರ್ ಮೀರಬಾರದು. ವಿದ್ಯುತ್ ನಿಲುಗಡೆಯಾದಾಗ ಮುದ್ರಣ ಪೆಟ್ಟಿಗೆಗೆ ಮಾತ್ರ ಯುಪಿಎಸ್ ಕೊಟ್ಟು ಅಂತರಜಾಲದ ರೌಟರನ್ನು ಮರೆತರೆ, ಮುದ್ರಣ ನಡೆದರೂ ದೂರದಿಂದ ನೋಡಲಾಗುವುದಿಲ್ಲ.

ದೂರವೀಕ್ಷಣೆಯ ವಿಧಾನಗಳು

ಮೊದಲು ರೌಟರಿನಲ್ಲಿ ದ್ವಾರವೊಂದನ್ನು ತೆರೆದಿಡುವ ವಿಧಾನವಿತ್ತು. ಇಂದು ಅನೇಕ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದರಿಂದ ಇದು ನಡೆಯುವುದಿಲ್ಲ; ನಡೆದರೂ ಅಪಾಯಕರ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಅಸಂಖ್ಯ ಕ್ಯಾಮೆರಾ ಮತ್ತು ಮುದ್ರಣ ಪೆಟ್ಟಿಗೆಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳಿಂದಲೇ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಕೆಲವು ಗಂಟೆಗಳ ಕಾಲ ಹಲವರಿಗೆ ದೊರೆಯಲಿಲ್ಲ.

ಈಗ ಪ್ರಚಲಿತವಾಗಿರುವುದು ಉಪಕರಣದ ಮೇಲಿನ ಕ್ಯೂಆರ್ ಸಂಕೇತವನ್ನು ಫೋನಿನಲ್ಲಿ ಓದಿಸಿ ತಯಾರಕರ ಸರ್ವರ್ ಮೂಲಕ ಸಂಪರ್ಕಿಸುವ ವಿಧಾನ. ಇದು ಸುಲಭ, ಆದರೆ ತಯಾರಕರ ಮೇಲೆ ನಂಬಿಕೆ ಇಡಬೇಕಾಗುತ್ತದೆ. ವಿಪಿಎನ್ ಹೆಚ್ಚು ಭದ್ರವಾದರೂ ತಿಳಿದವರ ನೆರವು ಬೇಕು. ಅಂತರಜಾಲದ ತಂತಿ ಇಲ್ಲದ ಹೆದ್ದಾರಿ ಬದಿಯ ಕೇಂದ್ರಗಳಿಗೆ ಸಿಮ್ ಹಾಕುವ 4ಜಿ ಕ್ಯಾಮೆರಾಗಳಿವೆ. ಕೇಂದ್ರ ಸರ್ಕಾರದ 2024ರ ಏಪ್ರಿಲ್ 9ರ ಅಧಿಸೂಚನೆಯು ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದು, ಅದು ಒಂದು ವರ್ಷದ ನಂತರ ಜಾರಿಗೆ ಬಂದಿತು. ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆಯನ್ನು ನೋಡಬೇಕು. ಅಳವಡಿಸಿದವನೇ ಇಟ್ಟುಕೊಟ್ಟ ಪಾಸ್‌ವರ್ಡನ್ನು ಅವನು ಹೋದ ಕೂಡಲೇ ಬದಲಿಸಬೇಕು. ಕೆಲಸ ಬಿಟ್ಟ ವ್ಯವಸ್ಥಾಪಕನ ಫೋನಿನಿಂದಲೂ ಸಂಪರ್ಕವನ್ನು ತೆಗೆಯಬೇಕು.

ಸಾಕ್ಷ್ಯ ಮತ್ತು ಖಾಸಗಿತನ

ದೃಶ್ಯಾವಳಿಯ ನಕಲನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲು ಪ್ರಮಾಣಪತ್ರ ಬೇಕು. 1872ರ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಲ್ಲಿ ಮುಂದುವರಿದಿದೆ. ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದರೆ ಒಳ್ಳೆಯ ದೃಶ್ಯವೂ ಸಂಶಯಕ್ಕೆ ಗುರಿಯಾಗುತ್ತದೆ. ಆದ್ದರಿಂದ ಜಾಲದಿಂದ ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವ ಸೌಲಭ್ಯವನ್ನು ಚಾಲನೆಯಲ್ಲಿಡಬೇಕು. ತಕರಾರು ಎದ್ದ ದಿನವೇ ಸಂಬಂಧಿಸಿದ ಭಾಗವನ್ನು ಪ್ರತ್ಯೇಕವಾಗಿ ನಕಲು ಮಾಡಿಡದಿದ್ದರೆ ತಟ್ಟೆಯಲ್ಲಿ ಅದು ಅಳಿಸಿಹೋಗುತ್ತದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಸಲ್ಲಿಸಿದ್ದ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಬಂದಿತು. ಕ್ಯಾಮೆರಾ ಇರುವುದನ್ನು ಕನ್ನಡದಲ್ಲಿ ಬರೆದ ಫಲಕದಿಂದ ತಿಳಿಸುವುದು, ಕೆಲಸಗಾರರು ಒದ್ದೆ ಬಟ್ಟೆ ಬದಲಿಸುವ ಕೋಣೆ ಮತ್ತು ಶೌಚಾಲಯದತ್ತ ಯಾವುದೇ ಕ್ಯಾಮೆರಾ ತಿರುಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ. ಮಹಿಳೆಯರ ಖಾಸಗಿ ಕ್ಷಣಗಳನ್ನು ವೀಕ್ಷಿಸುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಡಿ ಶಿಕ್ಷಾರ್ಹ ಅಪರಾಧ. ಗ್ರಾಹಕರ ಕಾರಿನೊಳಗಿನ ಮಾತುಕತೆಗಳು ಅಕಸ್ಮಾತ್ತಾಗಿ ಮುದ್ರಿತವಾಗದಿರಲು ಕ್ಯಾಮೆರಾದ ಧ್ವನಿಗ್ರಹಣವನ್ನು ನಿಲ್ಲಿಸಿಡುವುದು ಉಚಿತ.