ನೀರಿನ ವಿಭಜನೆಗೆ ಬಾಳಿಕೆಯ ವೇಗವರ್ಧಕಗಳು: ಇತಿಹಾಸ

ನೀರನ್ನು ವಿದ್ಯುತ್ತಿನಿಂದ ಒಡೆದು ಜಲಜನಕ ಪಡೆಯಲು ತತ್ತ್ವತಃ 1.23 ವೋಲ್ಟ್ ಸಾಕು; ವಾಸ್ತವದಲ್ಲಿ ಇನ್ನಷ್ಟು ಬೇಕಾಗುತ್ತದೆ. ಆ ಹೆಚ್ಚುವರಿಯನ್ನು ತಗ್ಗಿಸುವುದು ವಿದ್ಯುದ್ವಾರದ ಮೇಲ್ಮೈಯಲ್ಲಿರುವ ವೇಗವರ್ಧಕದ ಕೆಲಸ. ತೊಡಕು ಹೆಚ್ಚಾಗಿ ಆಮ್ಲಜನಕ ಹೊಮ್ಮುವ ಧನವಿದ್ಯುದ್ವಾರದಲ್ಲಿ. ಅಲ್ಲಿ ಬಹುತೇಕ ಲೋಹಗಳು ಉತ್ಕರ್ಷಣಗೊಂಡು ಸವೆಯುತ್ತವೆ.

1800ರಲ್ಲೇ ಇದು ಕಂಡುಬಂದಿತ್ತು. ಲಂಡನ್ನಿನಲ್ಲಿ ವಿಲಿಯಂ ನಿಕೋಲ್ಸನ್ ಮತ್ತು ಆಂಥನಿ ಕಾರ್ಲೈಲ್ ವೋಲ್ಟಾನ ಬ್ಯಾಟರಿಗೆ ಹಿತ್ತಾಳೆ ತಂತಿಗಳನ್ನು ಜೋಡಿಸಿ ನೀರಿಗಿಳಿಸಿದಾಗ ಒಂದರಲ್ಲಿ ಜಲಜನಕದ ಗುಳ್ಳೆಗಳೆದ್ದವು, ಇನ್ನೊಂದು ಕಿಲುಬುಗಟ್ಟಿತು. ಪ್ಲಾಟಿನಂ ತಂತಿ ಹಾಕಿದ ಮೇಲೆಯೇ ಎರಡೂ ಕಡೆ ಅನಿಲ ಬಂತು.

ಕಾರ್ಖಾನೆಗಳಿಗೆ ಪ್ಲಾಟಿನಂ ದುಬಾರಿ. ಅವು ಕ್ಷಾರದಲ್ಲಿ ತಾಳಿಕೊಳ್ಳುವ ನಿಕ್ಕಲ್ಲಿಗೆ ಮೊರೆಹೋದವು. ನಾರ್ವೆಯ ವೆಮೊರ್ಕ್‌ನಲ್ಲಿ 1920ರ ದಶಕದ ಕೊನೆಗೆ, ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದ ಆರಂಭಕ್ಕೆ ಜಲವಿದ್ಯುತ್ತಿನಿಂದಲೇ ಗೊಬ್ಬರಕ್ಕೆ ಬೇಕಾದ ಜಲಜನಕ ತಯಾರಾಗತೊಡಗಿತು. ನಿಕ್ಕಲ್ಲಿನ ಗುಟ್ಟು ಬಯಲಾದದ್ದು ಬಹಳ ತಡವಾಗಿ. ಕ್ಷಾರದಲ್ಲಿ ಕಲ್ಮಶವಾಗಿ ಬೆರೆತ ಅತ್ಯಲ್ಪ ಕಬ್ಬಿಣವೂ ಧನವಿದ್ಯುದ್ವಾರದ ಚುರುಕನ್ನು ಹೆಚ್ಚಿಸುತ್ತದೆಂದು 1987ರಲ್ಲಿ ಡೆನಿಸ್ ಕಾರಿಗನ್ ತೋರಿಸಿದರು. ಕಬ್ಬಿಣವನ್ನು ಪೂರ್ತಿ ತೆಗೆದರೆ ನಿಕ್ಕಲ್ ತೀರಾ ಮಂದವೆಂದು 2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತಂಡ ಖಚಿತಪಡಿಸಿತು. ಅಲ್ಲಿಯವರೆಗೆ ಕಬ್ಬಿಣದ ಕೀರ್ತಿಯ ಬಹುಪಾಲು ನಿಕ್ಕಲ್ಲಿಗೇ ಸಂದಿತ್ತು!

ಪಾಲಿಮರ್ ಪೊರೆಯ ಕೋಶಗಳ ಕಥೆ ಬೇರೆ. ಜನರಲ್ ಎಲೆಕ್ಟ್ರಿಕ್ ಕಂಪನಿ ಬೆಳೆಸಿದ ಈ ಕೋಶದೊಳಗೆ ಆಮ್ಲೀಯ ವಾತಾವರಣವಿರುವುದರಿಂದ ನಿಕ್ಕಲ್ ಕರಗಿಹೋಗುತ್ತದೆ. ಕ್ಲೋರಿನ್ ಉದ್ಯಮದಲ್ಲಿ ವರ್ಷಗಟ್ಟಲೆ ಬಾಳುವ ರುಥೇನಿಯಂ ಆಕ್ಸೈಡ್ ಇಲ್ಲಿ ಚುರುಕೇನೋ ಹೌದು, ಆದರೆ ಉಳಿಯುವುದಿಲ್ಲ. ಉಳಿಯುವುದು ಇರಿಡಿಯಂ. ಪ್ಲಾಟಿನಂ ಗಣಿಗಾರಿಕೆಯ ಉಪೋತ್ಪನ್ನವಾದ ಅದು ಜಗತ್ತಿಗೆಲ್ಲ ಸೇರಿ ವರ್ಷಕ್ಕೆ ಹತ್ತು ಟನ್ನೂ ಸಿಗದು.

2008ರಲ್ಲಿ ಎಂಐಟಿಯ ಮ್ಯಾಥ್ಯೂ ಕನನ್ ಮತ್ತು ಡೇನಿಯಲ್ ನೊಸೆರಾ ಬೇರೆ ದಾರಿ ತೋರಿದರು. ಅವರ ಕೋಬಾಲ್ಟ್-ಫಾಸ್ಫೇಟ್ ಪದರ ಕರಗಿದರೂ ವಿದ್ಯುತ್ ಹರಿಯುತ್ತಿರುವಾಗ ದ್ರಾವಣದಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ಸವೆತವನ್ನು ತಡೆಯುವ ಬದಲು ತುಂಬಿಕೊಳ್ಳುವ ಈ ಉಪಾಯ ಕಾರ್ಖಾನೆಗಿಂತ ಸಂಶೋಧಕರ ಮೇಲೆಯೇ ಹೆಚ್ಚು ಪ್ರಭಾವ ಬೀರಿತು.

ಸೌರ, ಪವನ ವಿದ್ಯುತ್ತಿನ ಏರಿಳಿತ ಹೊಸ ಸಮಸ್ಯೆ ತಂದಿದೆ. ಕ್ಷಾರೀಯ ಘಟಕವನ್ನು ನಿಲ್ಲಿಸಿದಾಗ ವಿದ್ಯುತ್ತು ಹಿಮ್ಮುಖವಾಗಿ ಹರಿದು ವಿದ್ಯುದ್ವಾರಗಳನ್ನು ಕೆಡಿಸಬಲ್ಲದು. ಕಾರ್ಖಾನೆಗೆ ಬೇಕಾದದ್ದು ಹತ್ತಾರು ಸಾವಿರ ಗಂಟೆಗಳ ಬಾಳಿಕೆ. ಪ್ರಯೋಗಾಲಯದಲ್ಲಿ ಏಕಪ್ರಕಾರದ ವಿದ್ಯುತ್ತಿನಲ್ಲಿ ಕೆಲವು ನೂರು ಗಂಟೆ ನಿಂತ ವಸ್ತುವನ್ನು ಬಾಳಿಕೆಯದ್ದೆಂದು ಕರೆಯುವುದು ಆತುರವಾದೀತು.