ಬಳ್ಳಾರಿಯ ಹಳ್ಳಿ ಆಸ್ಪತ್ರೆಗಳು ದೇಶಕ್ಕೆ ಕಲಿಸಿದ ಪಾಠ

ಸಿಂಧನೂರಿನಿಂದ ಬಸ್ ಹತ್ತಿ ಧಡೇಸುಗೂರು ದಾಟಿ, ತುಂಗಭದ್ರೆಯ ಸೇತುವೆ ಮೇಲೆ ಹೋದರೆ ಸಿರುಗುಪ್ಪ. ಅಲ್ಲಿಂದ ಬಳ್ಳಾರಿ ಜಿಲ್ಲೆ. ಸುಮಾರು 40 ವರ್ಷಗಳ ಹಿಂದೆ ಆ ಜಿಲ್ಲೆಯಲ್ಲಿ ನಡೆದ ಒಂದು ಸಂಶೋಧನೆ ಇಡೀ ದೇಶಕ್ಕೆ ದಾರಿ ತೋರಿಸಿತು.

ಆಗ ಹಳ್ಳಿಯಲ್ಲಿ ಯಾರಿಗಾದರೂ ಬುದ್ಧಿ ಕೆಟ್ಟರೆ, ಮೂರ್ಛೆ ಬಂದರೆ ಗಾಳಿ ಸೋಕಿದೆ ಅನ್ನುತ್ತಿದ್ದರು. ತಾಯಿತ ಕಟ್ಟಿಸುತ್ತಿದ್ದರು, ಗುಡಿಗೆ ಕರೆದೊಯ್ಯುತ್ತಿದ್ದರು. ಡಾಕ್ಟರ್ ಬೇಕೆಂದರೆ ದೂರದ ಪಟ್ಟಣಕ್ಕೆ ಹೋಗಬೇಕು. ಅಷ್ಟು ದೂರ ಹೋಗಿ ಬರಲು ಕೂಲಿ ಮಾಡುವವರಿಗೆ ಎಲ್ಲಿ ಸಾಧ್ಯ?

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿತ್ತು. 1974ರಲ್ಲಿ ಅದೂ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರಿಗೆ ಒಂದು ಪ್ರಶ್ನೆ ಕಾಡಿತು. ಇಷ್ಟು ದೊಡ್ಡ ದೇಶಕ್ಕೆ ಇರುವ ಮನೋವೈದ್ಯರೇ ಕೆಲವರು. ಹಾಗಾದರೆ ಹಳ್ಳಿಯ ರೋಗಿಯನ್ನು ನೋಡುವವರು ಯಾರು?

ಉತ್ತರ ಹುಡುಕಲು ಅವರು ಹಳ್ಳಿಗೇ ಹೋದರು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಕೇಂದ್ರ ತೆರೆದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಅವರೇ ಈ ಕಾಯಿಲೆ ಗುರುತಿಸಬಲ್ಲರೇ ಎಂದು ಪರೀಕ್ಷಿಸಿದರು. ಗುರುತಿಸಬಲ್ಲರು ಎಂದು ಕಂಡುಬಂತು.

ಆದರೆ ನಾಲ್ಕು ಹಳ್ಳಿಯಲ್ಲಿ ಆದದ್ದು ಒಂದು ಜಿಲ್ಲೆಯಲ್ಲಿ ಆದೀತೇ? ಅದನ್ನು ನೋಡಲು ಆರಿಸಿದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿ ಕೆಲಸ ನಡೆಯಿತು. ಕಾರ್ಯಕರ್ತರು ರೋಗಿಯನ್ನು ಗುರುತಿಸಿ ಕಳಿಸುವುದು, ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಕೊಡುವುದು, ಕಷ್ಟದ ಕೇಸನ್ನು ಮಾತ್ರ ಜಿಲ್ಲಾ ಕೇಂದ್ರಕ್ಕೆ ಕಳಿಸುವುದು, ಎಲ್ಲವನ್ನೂ ದಾಖಲೆಯಲ್ಲಿ ಬರೆದಿಡುವುದು. ಈ ಕಡೆಯ ಕೆಲಸವೇ ಮುಖ್ಯ. ಬರೆದಿಟ್ಟಿದ್ದರಿಂದಲೇ ಯಾವುದು ನಡೆಯಿತು, ಎಲ್ಲಿ ತೊಡಕಾಯಿತು ಎಂದು ಬೇರೆಯವರಿಗೆ ತೋರಿಸಲು ಆಯಿತು.

1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಅದಕ್ಕೆ ಮಾದರಿ ಬಳ್ಳಾರಿ. ಇಂದಿಗೂ ಅದನ್ನು ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ.

ಈ ಕಥೆ ಈಗ ಯಾಕೆ ಅಂದರೆ, ಅದೇ 1996ರಲ್ಲಿ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2007ರಲ್ಲಿ ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ನಾವು ರಿಮ್ಸ್ ಅನ್ನುವುದು, ಆರಂಭವಾಯಿತು. ರೋಗಿ ಹೋಗಲು ಈಗ ಜಿಲ್ಲೆಯಲ್ಲೇ ದೊಡ್ಡಾಸ್ಪತ್ರೆ ಇದೆ. ಆದರೆ ನಮ್ಮ ನೆಲದ ಪ್ರಶ್ನೆಗಳನ್ನು ಕೇಳುವವರು ಯಾರು? ಬೋರ್‌ವೆಲ್ ನೀರಿನ ಫ್ಲೋರೈಡ್, ಭತ್ತ ಹತ್ತಿಗೆ ಔಷಧ ಹೊಡೆಯುವವರ ಆರೋಗ್ಯ, ಬಾಣಂತಿಯರ ರಕ್ತಹೀನತೆ. ಇವುಗಳಿಗೆ ಉತ್ತರ ಬೆಂಗಳೂರಿನ ಲ್ಯಾಬಿನಲ್ಲಿ ಕೂತರೆ ಸಿಗುವುದಿಲ್ಲ, ಇಲ್ಲೇ ಹುಡುಕಬೇಕು.

ನಮ್ಮ ಸಂತೆಕಲ್ಲೂರಿಗೆ ಇದು ಹೊಸ ಮಾತಲ್ಲ. ಕೃಷಿ ಜ್ಞಾನ ಪ್ರದೀಪಿಕೆ ಬರೆದ 19ನೇ ಶತಮಾನದ ಘನಮಠ ಶಿವಯೋಗಿಗಳು ಇದೇ ಊರಿನವರು. ಬೇಸಾಯದ ತಿಳಿವಳಿಕೆಯನ್ನು ಪುಸ್ತಕ ಮಾಡಲು ಅವರಿಗೆ ಪಟ್ಟಣ ಬೇಕಾಗಲಿಲ್ಲ.

ಸಂಶೋಧನೆ ಅಂದರೆ ಕಟ್ಟಡ, ಯಂತ್ರ ಮಾತ್ರ ಅಲ್ಲ. ತರಬೇತಿ ಪಡೆದ ಆಶಾ ಕಾರ್ಯಕರ್ತೆ, ಸರಿಯಾಗಿ ತುಂಬಿದ ರಿಜಿಸ್ಟರ್, ಹಳ್ಳಿಗೆ ಮತ್ತೆ ಮತ್ತೆ ಬರುವ ವಿದ್ಯಾರ್ಥಿ. ನಾವೂ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಯಾರಾದರೂ ಸರ್ವೆ ಫಾರ್ಮ್ ಹಿಡಿದು ಬಾಗಿಲಿಗೆ ಬಂದರೆ ಇದು ಯಾತಕ್ಕೆ ಎಂದು ಕೇಳೋಣ. ತಿಳಿದುಕೊಂಡು, ಒಪ್ಪಿಗೆಯಾದರೆ ಉತ್ತರ ಕೊಡೋಣ. ಜೊತೆಗೆ ಹೇಳೋಣ: ಫಲಿತಾಂಶ ಏನಾಯಿತು ಅಂತ ಊರಿಗೆ ಬಂದು ತಿಳಿಸಿ ಹೋಗ್ರಿ.