ಸತ್ತ ಗಿರವಿ (ಒಡವೆ ಕಥೆ, ಭಾಗ 4)

ಹಳೇ ಒಡವೆ ಮಾರೋ ಪೇಜ್‌ಗಳಲ್ಲಿ ನವಾಹೊ ಬೆಳ್ಳಿ ಸರದ ಕೆಳಗೆ ‘ಓಲ್ಡ್ ಪಾನ್’ ಅಂತ ಬರೆದಿರೋದು ನೋಡಿದ್ದೀರಾ? ಪಾನ್ ಅಂದ್ರೆ ಗಿರವಿ. ಆ ಎರಡು ಪದಕ್ಕೇ ರೇಟು ಏರುತ್ತೆ.

1864ರಲ್ಲಿ ಅಮೆರಿಕದ ಸೈನ್ಯ ನವಾಹೊ ಜನರನ್ನ ನೂರಾರು ಮೈಲಿ ನಡೆಸಿ, ನ್ಯೂ ಮೆಕ್ಸಿಕೋದ ಬೋಸ್ಕೆ ರೆಡೊಂಡೊದಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ನಂತರ ಊರಿಗೆ ಮರಳಿದರು. ಬೆಳ್ಳಿ ಕೆಲಸ ಹರಡಿದ್ದು ಆಮೇಲೆ. ಅವರ ಮೊದಲ ಅಕ್ಕಸಾಲಿಗ ಅಂತ ಹೆಸರಾದ ಅಟ್ಸಿಡಿ ಸಾನಿ ಮೆಕ್ಸಿಕನ್ ಕಮ್ಮಾರನ ಹತ್ರ ಕಬ್ಬಿಣದ ಕೆಲಸ ಕಲಿತವನು. ಬೆಳ್ಳಿ ಎಲ್ಲಿಂದ? ನಾಣ್ಯದಿಂದ! ಡಾಲರ್, ಪೆಸೊ ಕರಗಿಸಿ ಬಡಿಯೋದು. ಟರ್ಕಾಯ್ಸ್ ಕಲ್ಲು ಕೂರಿಸೋದು ಇನ್ನೂ ತಡವಾಗಿ ಬಂತು.

ನನ್ನ ಬಿಕಾಂ ತಲೆಗೆ ಮಜಾ ಅನ್ಸಿದ್ದು ಇಲ್ಲಿಂದ. ದುಡ್ಡು ಒಡವೆ ಆಯ್ತು, ಒಡವೆ ಮತ್ತೆ ದುಡ್ಡಿನ ಕೆಲಸ ಮಾಡ್ತು. ಮುಖ್ಯ ಆದಾಯ ವರ್ಷಕ್ಕೆ ಎರಡು ಸಲ: ವಸಂತದಲ್ಲಿ ಉಣ್ಣೆ, ಚಳಿಗಾಲಕ್ಕೆ ಮುಂಚೆ ಕುರಿಮರಿ. ಮಧ್ಯೆ ಹಿಟ್ಟು, ಕಾಫಿ ಬೇಕಾದ್ರೆ ಟ್ರೇಡಿಂಗ್ ಪೋಸ್ಟ್‌ನಲ್ಲಿ ಬೆಲ್ಟು, ಬಳೆ ಅಡ ಇಡ್ತಿದ್ರು. ಆಚರಣೆ ಬಂದ್ರೆ ಎಷ್ಟೋ ವ್ಯಾಪಾರಿಗಳು ಹಾಕ್ಕೊಳ್ಳೋಕೆ ಅಂತ ವಾಪಸ್ ಕೊಡ್ತಿದ್ರು; ಮುಗಿದ ಮೇಲೆ ಅದು ಮತ್ತೆ ಅಂಗಡಿಗೆ. ಯಾವ ಬ್ಯಾಂಕ್ ಹೀಗೆ ಮಾಡುತ್ತೆ ಹೇಳಿ?

ಆದ್ರೆ ಉಣ್ಣೆಗೆ ರೇಟು ಕಟ್ಟೋನೂ ಅವನೇ, ಹಿಟ್ಟಿಗೆ ಕಟ್ಟೋನೂ ಅವನೇ. ಗಡುವು ಮೀರಿದ್ರೆ ‘ಡೆಡ್ ಪಾನ್’, ಸತ್ತ ಗಿರವಿ, ಪ್ರವಾಸಿಗರಿಗೆ ಮಾರಾಟ. 1899ರಿಂದ ಫ್ರೆಡ್ ಹಾರ್ವಿ ಕಂಪನಿ ರೈಲು ಪ್ರವಾಸಿಗರಿಗೆ ಅಂತಲೇ ಹಗುರ ಒಡವೆ ಮಾಡಿಸ್ತು. ಗಿರವಿ ಒಡವೆ ಹಾಗಲ್ಲ. ತಾವೇ ತೊಡೋಕೆ ಮಾಡಿಸ್ಕೊಂಡಿದ್ದು, ತೂಕದ್ದು. ರೇಟಿನ ಗುಟ್ಟು ಅದು. ಬಿಡಿಸ್ಕೊಳ್ಳೋಕೆ ಆಗದೇ ಹೋದವರ ಒಡವೆ ಅನ್ನೋದೂ ಆ ಎರಡು ಪದದಲ್ಲೇ ಇದೆ.

ಮುಂದಿನ ಭಾಗ: ಸ್ಕ್ವಾಶ್ ಬ್ಲಾಸಮ್ ಸರ.